ಇಪ್ಪತ್ತೈದು ಓಮ್

ಸಂಜೆ ಏಳಕ್ಕೆ ಫೋನು: ‘ಲಕ್ಷ್ಮೀ, ಎಳೆ ಹರೀತಾ ಇದೆ, ಬಾ.’
ಎಳೆ ಹರಿದರೆ ನನ್ನನ್ನೇಕೆ ಕರೆಯಬೇಕು?
ನಾನು ನೂಲು ಬಿಚ್ಚುವವಳಲ್ಲ,
ಶಿಡ್ಲಘಟ್ಟದ ಮೋಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಡಾಕ್ಟರು.
ಆದರೂ ಹೋದೆ, ಚೀಲದಲ್ಲಿ ಮೀಟರು ಇಟ್ಟುಕೊಂಡು.

ಜುಲೇಖಾಬಿಯ ತಗಡಿನ ಶೆಡ್ಡು. ಬೆಂದ ಹುಳುವಿನ ವಾಸನೆ.
ಗೋಡೆಯಲ್ಲಿ ಇನ್ನೂ ಹತ್ತು ವರ್ಷದ ಮಸಿ.
ಸೌದೆಯ ಒಲೆ ಕಣ್ಣು ತಿಂದಿತೆಂದು
ಹೋದ ರಂಜಾನ್ ಕಳೆದ ಮೇಲೆ ಚೀಟಿ ಎತ್ತಿ
ಕಾಯಿಲ್ ಹಾಕಿಸಿದ್ದಳು, ನನ್ನ ಕೈಯಲ್ಲೇ.
ಈಗ ಹೊಗೆಯಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ
ತೊಟ್ಟಿಯ ನೀರಿಗೆ ಮುನಿಸು.
ಗೂಡು ಅರೆಬೆಂದು ತೇಲುತ್ತದೆ, ತುದಿ ಸಿಕ್ಕುವುದಿಲ್ಲ,
ಸಿಕ್ಕಿದ್ದು ರಾಟೆ ಏರುವ ಮುಂಚೆಯೇ ಪಟ್ಟೆಂದು ಹರಿಯುತ್ತದೆ.
‘ನಿಂಗೆ ಕೈ ನಡುಗುತ್ತೆ’ ಅಂದನಂತೆ ನೂಲು ಕೊಳ್ಳುವವನು
ಕೆಜಿಗೆ ಮುನ್ನೂರು ಮುರಿದುಕೊಂಡು.
ಅವಳು ಎರಡೂ ಕೈ ಚಾಚಿದಳು ನನ್ನ ಮುಂದೆ.
ಬಿಸಿನೀರಲ್ಲಿ ನೆನೆದು ನೆನೆದು ಬಾಳೆದಿಂಡಿನ ಬಿಳುಪು.
ನಡುಗುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದ ಗಂಗುಲಪ್ಪ ಮೀಟರು ನಂಬಿದವರಲ್ಲ.
ಮುಂಗೈ ಹತ್ತಿರ ಹಿಡಿದು ಕಾಯಿಲ್‌ನ ಜಾತಕ ಹೇಳುತ್ತಿದ್ದರು.
ನನ್ನ ಮುಂಗೈ ಅಷ್ಟು ಓದಿಲ್ಲ. ನಾನು ಅಳೆದೆ.
ನೂರ ಅರವತ್ತು ವೋಲ್ಟು.
ತಂತಿಯಲ್ಲಿ ಹರಿಯುತ್ತಿದ್ದುದು ಆರು ಪಾಯಿಂಟ್ ನಾಲ್ಕು ಆಂಪು.
ಹಾಕಿಸಿದ ದಿನ ಮಧ್ಯಾಹ್ನ ಮೊಳೆಯಲ್ಲಿ ಗೋಡೆಗೆ ಕೆತ್ತಿದ್ದೆ:
ಇನ್ನೂರು. ಎಂಟು.
ಇನ್ನೂರನ್ನು ಎಂಟರಿಂದ ಭಾಗಿಸು, ಇಪ್ಪತ್ತೈದು.
ನೂರ ಅರವತ್ತನ್ನು ಆರೂ ನಾಲ್ಕರಿಂದ ಭಾಗಿಸು,
ಅದೇ ಇಪ್ಪತ್ತೈದು.

‘ಕಾಯಿಲ್ ಕೆಟ್ಟಿಲ್ಲ ಜುಲೇಖಮ್ಮ.
ಇಪ್ಪತ್ತೈದು ಓಮ್ ಅದರ ಸ್ವಭಾವ, ಅದು ಬದಲಾಗಿಲ್ಲ.’
‘ಸ್ವಭಾವ ಸರಿಯಿದ್ರೆ ಕಾವೆಲ್ಲಿ ಹೋಯ್ತು?’
ಈಗ ಭಾಗಿಸಬೇಡ, ಗುಣಿಸು ಅಂದೆ.
ಎಂಟಿನ್ನೂರಲೆ ಸಾವಿರದಾರುನೂರು ವ್ಯಾಟು.
ನೂರರವತ್ತು ಇಂಟು ಆರೂ ನಾಲ್ಕು,
ಸಾವಿರದ ಇಪ್ಪತ್ತನಾಲ್ಕು.
ವೋಲ್ಟು ಬಿದ್ದಾಗ ಆಂಪೂ ಬೀಳುತ್ತದೆ ಅದರ ಬೆನ್ನಿಗೆ;
ಇಬ್ಬರೂ ಬಿದ್ದರೆ ಪೆಟ್ಟು ಎರಡು ಸಲ.
ನೂರಕ್ಕೆ ಎಂಬತ್ತು ಒತ್ತಡ, ಆದರೆ ನೂರಕ್ಕೆ ಅರವತ್ತನಾಲ್ಕೇ ಕಾವು.
ಅವಳು ತೊಟ್ಟಿಯನ್ನು ನೋಡುತ್ತ ನಿಧಾನ ಅಂದಳು:
‘ಅಂದ್ರೆ ನನ್ನ ಕೈ ಅಲ್ಲ.’
‘ನಿಮ್ಮ ಕೈ ಅಲ್ಲ.’

ಆಮೇಲೆ ಚಹಾ. ಚಹಾದ ಜೊತೆಗೆ ಅವಳ ಉಪಾಯ:
ಕಾಯಿಲ್ ಒಂದು ಗೇಣು ಕತ್ತರಿಸಿಬಿಡು,
ಗಿಡ್ಡ ಆದ್ರೆ ಜಾಸ್ತಿ ಕಾಯುತ್ತಂತೆ, ಅಮ್ಜದ್ ಹೇಳ್ದ.
ಅಮ್ಜದ್ ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ.
ಐದರಲ್ಲೊಂದು ಪಾಲು ಕತ್ತರಿಸಿದರೆ ಇಪ್ಪತ್ತು ಓಮ್,
ಸಂಜೆಗೆ ಎಂಟು ಆಂಪು, ನೀರು ಕುದಿಯುತ್ತದೆ, ಒಪ್ಪಿದೆ.
ಮಧ್ಯರಾತ್ರಿ ಊರಿನ ಮೋಟರೆಲ್ಲ ಮಲಗಿ
ಲೈನು ಇನ್ನೂರ ನಲವತ್ತಕ್ಕೆ ಜಿಗಿದಾಗ?
ಹನ್ನೆರಡು ಆಂಪು. ಎರಡು ಸಾವಿರದ ಎಂಟುನೂರ ಎಂಬತ್ತು ವ್ಯಾಟು.
ನಿಮ್ಮ ಮಾವ ಬಲ್ಬಿಗೆಂದು ಎಳೆಸಿದ ವೈರು ಅದು,
ಈಗಲೇ ಏದುಸಿರು ಬಿಡುತ್ತಿದೆ, ಮುಟ್ಟಿ ನೋಡಿ.
ಮುಟ್ಟಿದಳು. ಬೆಚ್ಚಗಿತ್ತು.
ಮೇಲೆ ಸೂರಿನಲ್ಲಿ ಒಣಗಿದ ಗೂಡಿನ ಮೂಟೆಗಳು.
ಇಬ್ಬರೂ ಒಮ್ಮೆ ಮೇಲೆ ನೋಡಿದೆವು.

ಕತ್ತರಿಸಲಿಲ್ಲ. ಹೊಸ ದಪ್ಪ ವೈರಿಗೆ ಲೆಕ್ಕ ಬರೆದುಕೊಟ್ಟೆ,
ಸೆಕ್ಷನ್ ಆಫೀಸಿಗೊಂದು ಅರ್ಜಿಯನ್ನೂ.
ಅರ್ಜಿಯ ಗತಿ ಏನಾಯಿತೋ ಕೇಳಬೇಡಿ.
ಹಳೆಯ ಮೀಟರೊಂದನ್ನು ಅವಳಿಗೇ ಬಿಟ್ಟು ಬಂದೆ,
ದುಡ್ಡು ಹಬ್ಬಕ್ಕೆ ಕೊಡು ಅಂತ.

ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ ಫೋನು.
ಎದೆ ಧಸಕ್ಕೆಂದಿತು, ಸೂರಿನ ಮೂಟೆಗಳು ಕಣ್ಣೆದುರು.
ಆ ಕಡೆ ರಾಟೆಯ ಸದ್ದು, ನಡುವೆ ಅವಳ ದನಿ:
‘ಇನ್ನೂರ ಮೂವತ್ತು. ಒಂಬತ್ತು ಪಾಯಿಂಟ್ ಎರಡು.
ವೈರು ತಣ್ಣಗಿದೆ. ಗುಣಿಸಿ ಆಯ್ತು ನಾನೇ.
ಎಳೆ ಹರೀತಿಲ್ಲ. ನೀನು ಮಲಕ್ಕೋ.’